ಐದು ಭಾಷೆ ಬರ್ತದೆ, ಇನ್ನು ಅನುವಾದ ಕಲಿಯುವುದು ಎಲ್ಲಿ?

ಪಿಯುಸಿ ರಿಸಲ್ಟ್ ಬಂದ ವಾರ ಅನುವಾದಕನಾದ ನನಗೆ ಬರುವ ಫೋನುಗಳಲ್ಲಿ ಒಂದೆರಡಾದರೂ ಹೀಗಿರುತ್ತವೆ: "ಮಗಳಿಗೆ ಐದು ಭಾಷೆ ಬರ್ತದೆ ಸರ್. ಮನೆಯಲ್ಲಿ ತುಳು, ಪಕ್ಕದ ಮನೆಯವರ ಹತ್ರ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷು, ಟೀವಿ ನೋಡಿ ಹಿಂದಿ. ಟ್ರಾನ್ಸ್‌ಲೇಟರ್ ಆಗ್ಬೇಕಂತೆ. ಎಲ್ಲಿ ಸೇರಿಸುದು?"

ಮಂಗಳೂರಿನಲ್ಲಿ ಐದು ಭಾಷೆ ದೊಡ್ಡ ಸಂಗತಿಯೇನಲ್ಲ. ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಸಿಟಿ ಬಸ್ಸಿನ ಕಂಡಕ್ಟರಿಗೂ ಐದು ಬರುತ್ತದೆ, ಮೀನು ಮಾರುವ ಅಕ್ಕನಿಗೆ ಬ್ಯಾರಿಯೂ ಸೇರಿ ಆರು. ಒಳ್ಳೆಯ ಬಂಡವಾಳವೇ. ಆದರೆ "ಆ ಐದರಲ್ಲಿ ಯಾವುದರಲ್ಲಿ ಎರಡು ಪುಟ ಬರೆದರೆ ಓದುವವರು ಎಡವುವುದಿಲ್ಲ?" ಎಂದು ನಾನು ಕೇಳಿದ ಕೂಡಲೇ ಫೋನಿನ ಆ ಕಡೆ ಸದ್ದಡಗುತ್ತದೆ. ಮಾತಾಡಲು ಬರುವ ಭಾಷೆಗಳ ಲೆಕ್ಕ ಬೇರೆ, ಬರೆದು ಅನ್ನ ಸಂಪಾದಿಸಬಲ್ಲ ಭಾಷೆಗಳ ಲೆಕ್ಕ ಬೇರೆ. ಅನುವಾದ ಕಲಿಯಲು ಹೊರಟವರು ಮೊದಲು ಈ ಎರಡನೇ ಲೆಕ್ಕವನ್ನು ಮಾಡಿಕೊಳ್ಳಬೇಕು. ಕಾಲೇಜು, ಕೋರ್ಸು, ಫೀಸು ಎಲ್ಲ ಆಮೇಲೆ.

ಮೊದಲು ಮನೆಯಲ್ಲೇ ಒಂದು ಪರೀಕ್ಷೆ

ಬ್ಯಾಂಕ್ ಖಾತೆ ತೆರೆಯುವ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್ ಷರತ್ತುಗಳಿರುತ್ತವಲ್ಲ, ಅದರಿಂದ ಸುಮಾರು 200 ಪದ ಆರಿಸಿಕೊಳ್ಳಿ. ಒಂದು ಗಂಟೆ ಸಮಯ. ನಿಘಂಟು ನೋಡಬಹುದು, ಗೂಗಲ್ ಅನುವಾದ ಬೇಡ. ಬರೆದದ್ದನ್ನು ಮಾರನೇ ದಿನ ಮನೆಯ ಹಿರಿಯರಿಗೋ ಅಂಗಡಿಯ ಮಾವನಿಗೋ ಓದಿ ಹೇಳಿ. "ಅಂದ್ರೆ ಎಂಥ?" ಎಂದು ಅವರು ಎಷ್ಟು ಸಲ ಕೇಳಿದರು ಎಂಬುದೇ ನಿಮ್ಮ ಅಂಕಪಟ್ಟಿ.

ಒಮ್ಮೆ ಇದೇ ಪರೀಕ್ಷೆಗೆ ನನ್ನ ಮೇಜಿನ ಎದುರು ಕೂತ ಹುಡುಗಿ ಬರೆದ ವಾಕ್ಯ: "ವಿಳಂಬದಿಂದ ಉದ್ಭವಿಸುವ ಯಾವುದೇ ನಷ್ಟಕ್ಕೆ ಬ್ಯಾಂಕು ಹೊಣೆಯಾಗಿರತಕ್ಕದ್ದಲ್ಲ." ವ್ಯಾಕರಣದಲ್ಲಿ ತಪ್ಪು ಹಿಡಿಯುವ ಹಾಗಿಲ್ಲ. ಇಂಗ್ಲಿಷಿನ ಒಂದೊಂದು ಪದದ ಮೇಲೂ ಒಂದೊಂದು ಕನ್ನಡ ಪದವನ್ನು ಕೂರಿಸಿದ್ದಳು. "ಇದನ್ನೇ ನಿನ್ನ ಅಪ್ಪನಿಗೆ ಹೇಳುವುದಾದರೆ?" ಎಂದೆ. "ಲೇಟಾಗಿ ಲಾಸ್ ಆದ್ರೆ ಬ್ಯಾಂಕಿನವ್ರು ಕೊಡುದಿಲ್ಲ ಅಂತ" ಎಂದಳು. ಈ ಎರಡರ ನಡುವೆ ಎಲ್ಲೋ ಬೇಕಾದ ವಾಕ್ಯ ಇದೆ: "ತಡವಾದ್ದರಿಂದ ಏನೇ ನಷ್ಟವಾದರೂ ಬ್ಯಾಂಕು ಹೊಣೆಯಲ್ಲ." ವಕೀಲರಿಗೂ ಸಾಕು, ಅಪ್ಪನಿಗೂ ತಿಳಿಯುತ್ತದೆ. ಅಲ್ಲಿಗೆ ಮುಟ್ಟಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ದಿನವಿಡೀ ಇಂಥದ್ದೇ ಕೆಲಸ ಎಂದಾಗ ಕೆಲವರಿಗೆ ಖುಷಿಯಾಗುತ್ತದೆ, ಕೆಲವರು ಆಕಳಿಸುತ್ತಾರೆ. ಆಕಳಿಕೆ ಬಂದರೆ ಬೇರೆ ಕೋರ್ಸು ನೋಡಿ, ಬೇಜಾರೇನಿಲ್ಲ.

ಬರೆಯುವ ಕೆಲಸವೋ, ಬಾಯಿಯ ಕೆಲಸವೋ

ಅನುವಾದಕ ಬರೆಯುತ್ತಾನೆ, ದುಭಾಷಿ ಮಾತಾಡುತ್ತಾನೆ. ಹೊರಗಿನವರಿಗೆ ಎರಡೂ ಒಂದೇ. ಒಳಗೆ ಇರುವವರಿಗೆ ಗೊತ್ತು, ಇವು ಬೇರೆ ಬೇರೆ ಸ್ವಭಾವದವರ ಕೆಲಸ. ಅನುವಾದಕನಿಗೆ ಒಂದು ಪದಕ್ಕಾಗಿ ಮಧ್ಯಾಹ್ನವಿಡೀ ಕೂರುವ ತಾಳ್ಮೆ ಬೇಕು. ದುಭಾಷಿಗೆ ಸರಿಯಾದ ಪದ ಸಿಗದಿದ್ದರೂ ಅರ್ಥ ಕೆಡದ ಹಾಗೆ ಮುಂದಕ್ಕೆ ಹೋಗುವ ಧೈರ್ಯ ಬೇಕು.

ದುಭಾಷಿಯ ಕೆಲಸದಲ್ಲೇ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಮಾತಾಡುವವರು ನಾಲ್ಕಾರು ವಾಕ್ಯ ಹೇಳಿ ನಿಲ್ಲಿಸುತ್ತಾರೆ, ನೀವು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತೀರಿ. ಇನ್ನೊಂದು ಏಕಕಾಲದ್ದು: ಗಾಜಿನ ಗೂಡಿನೊಳಗೆ ಕೂತು, ಹೆಡ್‌ಫೋನಿನಲ್ಲಿ ಕೇಳುತ್ತಾ ಕೇಳುತ್ತಾ ಮೈಕಿನಲ್ಲಿ ಹೇಳುತ್ತಾ ಹೋಗುವುದು. 1945ರಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕೂ ಭಾಷೆಗಳಲ್ಲಿ ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೇಲೆ ಇದು ಜಗತ್ತಿನಲ್ಲೆಲ್ಲ ಹರಡಿತು. ಮಿದುಳಿಗೆ ಇದು ಎಂಥ ದಣಿವು ಎಂದರೆ, ಗೂಡಿನಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. "ಇಡೀ ದಿನ ನೀವೊಬ್ಬರೇ ಸುಧಾರಿಸಿ" ಎನ್ನುವ ಸಂಘಟಕರು ನಮ್ಮೂರಲ್ಲೂ ಇದ್ದಾರೆ. ಒಪ್ಪಬೇಡಿ. ಎರಡನೇ ಗಂಟೆಯಲ್ಲಿ ನೀವು ಏನು ಹೇಳುತ್ತಿದ್ದೀರಿ ಎಂದು ನಿಮಗೇ ತಿಳಿಯುವುದಿಲ್ಲ.

ಸದ್ಯಕ್ಕೆ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದಿಲ್ಲ. ಡಿಗ್ರಿ ಮುಗಿಯುವ ಹೊತ್ತಿಗೆ ಎತ್ತ ವಾಲುತ್ತಿದ್ದೀರಿ ಎಂಬುದು ತಾನಾಗಿ ತಿಳಿಯುತ್ತದೆ.

ನಿಮ್ಮ ಭಾಷೆಗಳಿಗೆ ದರ್ಜೆ ಹಾಕಿ

ಸಮ್ಮೇಳನದ ದುಭಾಷಿಗಳ ಅಂತಾರಾಷ್ಟ್ರೀಯ ಸಂಘವೊಂದಿದೆ, ಹೆಸರು ಎಐಐಸಿ, 1953ರಲ್ಲಿ ಶುರುವಾದದ್ದು. ಅವರ ವರ್ಗೀಕರಣ ಸರಳ. 'ಎ' ಎಂದರೆ ನಿಮ್ಮ ಮೊದಲ ಭಾಷೆ, ಉಳಿದವುಗಳಿಂದ ಅದಕ್ಕೆ ತರಬಲ್ಲಿರಿ. 'ಬಿ' ಎಂದರೆ ಅದಕ್ಕೂ ಅನುವಾದಿಸಬಲ್ಲಿರಿ, ಆದರೆ ಹುಟ್ಟಿನಿಂದ ಬಂದದ್ದಲ್ಲ. 'ಸಿ' ಎಂದರೆ ಕೇಳಿದರೆ ಪೂರ್ತಿ ತಿಳಿಯುತ್ತದೆ, ಅದರಲ್ಲಿ ಹೇಳುವ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕರಾವಳಿಯ ಮಕ್ಕಳು ಈ ಪಟ್ಟಿ ತುಂಬಲು ಕೂತರೆ ಒಂದು ತೊಡಕು ಎದುರಾಗುತ್ತದೆ. ಹುಟ್ಟಿನ ಭಾಷೆ ತುಳು, ಆದರೆ ತುಳುವಿನಲ್ಲಿ ಒಂದು ಪುಟ ಬರೆದವರಲ್ಲ. ಕೊಂಕಣಿಯವರದ್ದು, ಬ್ಯಾರಿಯವರದ್ದು ಇದೇ ಕತೆ. ಕನ್ನಡ ಓದಿದ್ದು ಶಾಲೆಯಲ್ಲಿ, ಅದೂ ಎಷ್ಟೋ ಮಂದಿಗೆ ಎರಡನೇ ಭಾಷೆಯಾಗಿ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದದ್ದುಂಟು, ಜಗಳ ಮಾಡಿದ್ದಿಲ್ಲ. ಹಾಗಾಗಿ ಪ್ರಾಮಾಣಿಕವಾಗಿ ತುಂಬಿದರೆ ಐದು 'ಸಿ' ಬರುವ ಸಾಧ್ಯತೆ ಇದೆ, ಒಂದೂ 'ಎ' ಇಲ್ಲ! ಎದೆಗುಂದಬೇಡಿ. ಯಾವುದನ್ನು 'ಎ' ಮಾಡಿಕೊಳ್ಳುತ್ತೀರಿ ಎಂದು ಈಗಲೇ ತೀರ್ಮಾನಿಸಿ, ಮುಂದಿನ ಮೂರು ವರ್ಷದ ಓದನ್ನು ಅದಕ್ಕೆ ಸುರಿಯಿರಿ. ನನ್ನನ್ನು ಕೇಳಿದರೆ ಕನ್ನಡ ಎನ್ನುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ ಚೆನ್ನಾಗಿ ತರುವವರು ಸಿಗದೆ ಒದ್ದಾಡುವವರನ್ನು ದಿನಾ ನೋಡುತ್ತೇನೆ.

ಹಾಗೆಂದು ಮನೆಭಾಷೆಯನ್ನು ಕೀಳಾಗಿ ನೋಡಬೇಡಿ. ತುಳುವಿನಲ್ಲಿ 'ನಾವು' ಎನ್ನಲು ಎರಡು ಪದ. 'ನಮ' ಎಂದರೆ ಕೇಳುವವರೂ ಸೇರಿದ ನಾವು. 'ಎಂಕುಲು' ಎಂದರೆ ನಿಮ್ಮನ್ನು ಬಿಟ್ಟು ನಾವು. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಸಾಕ್ಷಿಯೊಬ್ಬ ಎದುರಿಗಿದ್ದವನನ್ನು ನೋಡಿ "ಎಂಕುಲು ಪೋಯ" ಎಂದರೆ, ಅವನು ತಮ್ಮ ಜೊತೆಗಿರಲಿಲ್ಲ ಎಂಬುದು ಆ ಒಂದು ಪದದಲ್ಲೇ ಬಂದುಬಿಟ್ಟಿದೆ. "ನಾವು ಹೋದೆವು" ಎಂದು ಕನ್ನಡ ಮಾಡಿದ ಕ್ಷಣ ಅದು ಕಾಣೆ. ಇಂಥದ್ದು ಕಣ್ಣಿಗೆ ಬೀಳುವುದು ತುಳು ಬಲ್ಲವನಿಗೆ ಮಾತ್ರ. ಭಾಷೆಯ ಬಗ್ಗೆ ಸ್ವಲ್ಪ ಓದಿಕೊಂಡ ತುಳುವನಿಗೆ ಇನ್ನೂ ಬೇಗ.

ಡಿಗ್ರಿ ಯಾವುದು, ಎಲ್ಲಿ

ಅನುವಾದ ಎಂಬ ಹೆಸರನ್ನೇ ಹೊತ್ತ ಮೂರು ವರ್ಷದ ಪದವಿಯನ್ನು ಹುಡುಕುತ್ತಾ ವರ್ಷ ಹಾಳು ಮಾಡಬೇಡಿ. ನಮ್ಮಲ್ಲಿ ಹೆಚ್ಚಿನವರು ಬಂದದ್ದು ಸುತ್ತು ದಾರಿಯಿಂದಲೇ: ಮೊದಲು ಭಾಷೆಯ ಪದವಿ, ಆಮೇಲೆ ಅನುವಾದದ ಡಿಪ್ಲೊಮಾ ಅಥವಾ ಎಂಎ.

ಬಿಎ ಸೇರುವವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಐಚ್ಛಿಕವಾಗಿ ಸಿಗುವ ಕಾಲೇಜನ್ನು ಹುಡುಕಿ. ಒಂದೇ ಸಿಕ್ಕರೆ ಇನ್ನೊಂದನ್ನು ಭಾಷಾ ವಿಷಯವಾಗಿಯಾದರೂ ಉಳಿಸಿಕೊಳ್ಳಿ. ಬಿಕಾಂ, ಕಾನೂನು, ನರ್ಸಿಂಗ್ ಓದುತ್ತಿರುವವರು ಅದನ್ನು ಬಿಟ್ಟು ಬರಬೇಕಾಗಿಲ್ಲ. ಕಾನೂನು ಗೊತ್ತಿರುವ ಅನುವಾದಕನಿಗೆ ಬರೀ ಸಾಹಿತ್ಯ ಓದಿದವನಿಗಿಂತ ಕೆಲಸ ಹೆಚ್ಚು. ಇದನ್ನು ಸಾಹಿತ್ಯ ಓದಿದವನಾದ ನಾನೇ ಹೇಳುತ್ತಿದ್ದೇನೆ.

ಎಂಎಗೆ ಬಂದರೆ, 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲೇ ಇದೆ. ಅಲ್ಲಿನ ಎಸ್‌ವಿಪಿ ಕನ್ನಡ ಅಧ್ಯಯನ ಸಂಸ್ಥೆ, ಇಂಗ್ಲಿಷ್ ವಿಭಾಗ ಎರಡಕ್ಕೂ ಅನುವಾದದ ನಂಟು ಹಳೆಯದು. ಕನ್ನಡ, ತುಳು, ಇಂಗ್ಲಿಷ್ ನಡುವೆ ದುಡಿದ ಬಿ. ಎ. ವಿವೇಕ ರೈ, ಸಿ. ಎನ್. ರಾಮಚಂದ್ರನ್ ಅಲ್ಲೇ ಪಾಠ ಹೇಳಿದವರು. ಹಂಪನಕಟ್ಟೆಯ ವಿಶ್ವವಿದ್ಯಾಲಯ ಕಾಲೇಜಿನ ಆವರಣದಲ್ಲಿ ಕೊಂಕಣಿ ಮತ್ತು ತುಳು ಎಂಎ ಶುರುವಾದಾಗ "ತುಳು ಎಂಎ ಮಾಡಿ ಎಂಥ ಮಾಡುದು ಮಾರಾಯ್ರೆ" ಎಂದು ನಕ್ಕವರಿದ್ದಾರೆ. ಭಾಷೆಯ ಒಳರಚನೆ ಅರಿತವನ ಅನುವಾದವನ್ನು ಅವರು ನೋಡಿಲ್ಲ, ಅಷ್ಟೆ. ಫ್ರೆಂಚ್, ಜರ್ಮನ್ ಬೇಕೆನ್ನುವ ಉಡುಪಿ ಕಡೆಯವರಿಗೆ ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ಹತ್ತಿರ. ಯಾವ ವರ್ಷ ಯಾವ ಕೋರ್ಸು ನಡೆಯುತ್ತದೆ ಎಂಬುದನ್ನು ಮಾತ್ರ ಆಯಾ ವರ್ಷದ ಪ್ರಕಟಣೆ ನೋಡಿಯೇ ನಂಬಿ. ವಿದ್ಯಾರ್ಥಿಗಳು ಸಾಲದಿದ್ದರೆ ಕೋರ್ಸು ನಿಂತುಹೋಗುವುದುಂಟು.

ಊರು ಬಿಡಲು ತಯಾರಿದ್ದರೆ ಆಯ್ಕೆ ಹೆಚ್ಚು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರ ಇದೆ. ನಮ್ಮ ಕಾಸರಗೋಡಿನ ಕೆ. ವಿ. ತಿರುಮಲೇಶರು ಭಾಷಾವಿಜ್ಞಾನ ಕಲಿಸಿದ ಸಂಸ್ಥೆ, ಈಗಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅದೇ ಊರಿನಲ್ಲಿದೆ. ವಿದೇಶಿ ಭಾಷೆಯಲ್ಲಿ ದುಭಾಷಿಯಾಗುವ ಆಸೆ ಇದ್ದವರು ದೆಹಲಿಯ ಜೆಎನ್‌ಯು ನೋಡಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂಎ ಪ್ರವೇಶಕ್ಕೆ ಸಾಮಾನ್ಯವಾಗಿ ಸಿಯುಇಟಿ-ಪಿಜಿ ಪರೀಕ್ಷೆ. ಡಿಗ್ರಿಯ ಕೊನೆಯ ವರ್ಷದ ಡಿಸೆಂಬರಿನಿಂದಲೇ ಅಧಿಸೂಚನೆಯ ಮೇಲೆ ಕಣ್ಣಿಡಿ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತವರ ಒಂದು ವರ್ಷ ಹೋದದ್ದನ್ನು ನೋಡಿದ್ದೇನೆ. ಕೆಲಸ ಮಾಡುತ್ತಾ ಓದುವವರಿಗೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಅನುವಾದ ಡಿಪ್ಲೊಮಾ ಇದೆ, ಅದು ಹಿಂದಿ–ಇಂಗ್ಲಿಷ್ ಜೋಡಿಗೆ.

ಹಿಂದಿಯ ಮಾತು ಬಂತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ನೆಲ ಇದು. ಸರ್ಕಾರಿ ಬ್ಯಾಂಕುಗಳಲ್ಲಿ ಹಿಂದಿಯ ಬಳಕೆಯನ್ನು ನೋಡಿಕೊಳ್ಳುವ ರಾಜಭಾಷಾ ಅಧಿಕಾರಿ ಎಂಬ ಹುದ್ದೆ ಇದೆ, ಕೇಂದ್ರದ ಕಚೇರಿಗಳಲ್ಲಿ ಹಿಂದಿ ಅನುವಾದಕರಿದ್ದಾರೆ. ಸಂಬಳ, ರಜೆ, ಪೆನ್ಷನ್ ಎಂದು ಲೆಕ್ಕ ಹಾಕುವ ಅಪ್ಪ ಅಮ್ಮಂದಿರಿಗೆ ಈ ಕ್ಷೇತ್ರದಲ್ಲಿ ತೋರಿಸಲು ಇರುವ ಗಟ್ಟಿ ನೌಕರಿ ಇದೇ. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ (ಎಸ್‌ಎಸ್‌ಸಿ) ನಡೆಸುವ ಹಿಂದಿ ಅನುವಾದಕರ ಪರೀಕ್ಷೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ಅನುವಾದದ ಡಿಪ್ಲೊಮಾ ಅಥವಾ ಸರ್ಟಿಫಿಕೇಟನ್ನೋ, ಇಲ್ಲವೇ ಎರಡು ವರ್ಷದ ಅನುಭವವನ್ನೋ ಕೇಳುತ್ತಾರೆ. ಹಿಂದಿಯಲ್ಲಿ ಎಂಎ ಮಾಡಿದವರಾದರೆ ಡಿಗ್ರಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿಯೋ ಮಾಧ್ಯಮವಾಗಿಯೋ ಇದ್ದಿರಬೇಕು. ಇದು ತಿಳಿಯದೆ ಡಿಗ್ರಿಯಲ್ಲಿ ಇಂಗ್ಲಿಷನ್ನು ಕೈಬಿಟ್ಟವರಿಗೆ ಎಂಎ ಮುಗಿದ ಮೇಲೆ ಬಾಗಿಲು ಮುಚ್ಚಿರುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಆಯ್ಕೆ ಇಪ್ಪತ್ಮೂರರಲ್ಲಿ ಕಾಡುವುದೆಂದರೆ ಹೀಗೆ.

ಸೇರುವ ಮೊದಲು ಕೇಳಿ

ಬ್ರೋಷರಿನ ಫೋಟೋ ಬಿಟ್ಟು ಸಿಲೆಬಸ್ ತರಿಸಿಕೊಳ್ಳಿ. ವಾರಕ್ಕೆ ಎಷ್ಟು ಗಂಟೆ ಅನುವಾದ ಮಾಡಿಸುತ್ತಾರೆ, ಎಷ್ಟು ಗಂಟೆ ಅನುವಾದದ ಬಗ್ಗೆ ಮಾತಾಡುತ್ತಾರೆ ಎಂದು ನೋಡಿ. ಅದಕ್ಕಿಂತ ಮುಖ್ಯ ಪ್ರಶ್ನೆ: ವಿದ್ಯಾರ್ಥಿ ಮಾಡಿದ ಅನುವಾದವನ್ನು ಯಾರು ತಿದ್ದುತ್ತಾರೆ? ಅಂಕ ಹಾಕಿ ಕೊಡುವುದು ತಿದ್ದಿದ ಹಾಗಲ್ಲ. ವಾಕ್ಯ ವಾಕ್ಯಕ್ಕೆ ಕೂತು, ಇದು ಯಾಕೆ ಕನ್ನಡ ಅನಿಸುವುದಿಲ್ಲ ಎಂದು ಹೇಳುವವರು ಬೇಕು. ಅನುವಾದ ಸೇವೆಗೆ 2015ರಲ್ಲಿ ಬಂದ ಐಎಸ್‌ಒ 17100 ಮಾನದಂಡದಲ್ಲೂ, ಅನುವಾದಕ ಮಾಡಿದ್ದನ್ನು ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ತಿದ್ದಲೇಬೇಕು ಎಂದಿದೆ. ಕೈ ಪಳಗಿದವರಿಗೇ ಹೀಗಿರುವಾಗ ಕಲಿಯುವವರ ಪಾಡೇನು? ನನ್ನ ಮೊದಲ ಕೆಲಸವನ್ನು ಒಬ್ಬ ಹಿರಿಯ ಉಪಸಂಪಾದಕರು ತಿದ್ದಿ ಕೊಟ್ಟಾಗ ಕಾಗದದಲ್ಲಿ ನನ್ನದು ಎನ್ನಲು ಉಳಿದದ್ದು ಪೂರ್ಣವಿರಾಮಗಳು ಮಾತ್ರ. ಆ ಕಾಗದ ಈಗಲೂ ನನ್ನಲ್ಲಿದೆ.

ಸಿದ್ಧಾಂತದ ಪಾಠವನ್ನು ಪರೀಕ್ಷೆಗೆ ಎಂದು ಓದಿ ಬಿಟ್ಟವನು ನಾನು. ಒಂದು ಮಾತ್ರ ಉಪಯೋಗಕ್ಕೆ ಬಂತು. ಜರ್ಮನಿಯ ಹಾನ್ಸ್ ವರ್ಮೀರ್ 1970ರ ದಶಕದ ಕೊನೆಗೆ ಮಂಡಿಸಿದ ವಾದ: ಅನುವಾದ ಹೇಗಿರಬೇಕು ಎಂಬುದನ್ನು ಅದು ಯಾತಕ್ಕೆ ಬಳಕೆಯಾಗುತ್ತದೆ ಎಂಬುದೇ ತೀರ್ಮಾನಿಸುತ್ತದೆ. ಆಪರೇಷನ್‌ಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರ ಕನ್ನಡವಾಗಬೇಕಿದ್ದಾಗ ಅದು ನೆನಪಾಯಿತು. ಆ ಪತ್ರವನ್ನು ಓದುವುದು ಐಸಿಯು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾತ್ರಿ ಕಳೆದ ಮನುಷ್ಯ. 'ಅರಿವಳಿಕೆಯ ತೊಡಕುಗಳು' ಎಂದು ಬರೆದಿದ್ದನ್ನು ಹೊಡೆದುಹಾಕಿ, 'ಪ್ರಜ್ಞೆ ತಪ್ಪಿಸಲು ಕೊಡುವ ಔಷಧದಿಂದ ಆಗಬಹುದಾದ ತೊಂದರೆ' ಎಂದು ಬರೆದೆ. ಉದ್ದವಾಯಿತು, ಆಗಲಿ.

ನೋಟ್‌ಪ್ಯಾಡ್ ಮತ್ತು ತಾಳಮದ್ದಳೆ

ದುಭಾಷಿಯಾಗಲು ಬಯಸುವವರು ಡಿಗ್ರಿಯ ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ಗಂಟೆ ಕಿವಿ ಪಳಗಿಸಬೇಕು. ಮೊದಲು ಕನ್ನಡ ವಾರ್ತೆ ಹಾಕಿ, ವಾಚಕರ ಹಿಂದೆ ಒಂದೆರಡು ಸೆಕೆಂಡಿನ ಅಂತರದಲ್ಲಿ ಅದೇ ಮಾತನ್ನು ಕನ್ನಡದಲ್ಲೇ ಹೇಳುತ್ತಾ ಹೋಗಿ. ಒಂದು ತಿಂಗಳ ಮೇಲೆ ಭಾಷೆ ಬದಲಿಸಿ. ಮನೆಯವರು ಹುಚ್ಚು ಎಂದಾರು, ಬಾಗಿಲು ಹಾಕಿಕೊಳ್ಳಿ.

ಇದಕ್ಕಿಂತ ಒಳ್ಳೆಯ ಗರಡಿ ನಮ್ಮೂರಲ್ಲೇ ಇದೆ: ತಾಳಮದ್ದಳೆ, ಎಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ. ಪಾತ್ರದ ಮಾತು, ಎಂದರೆ 'ಅರ್ಥ', ಹೇಳುವ ಅರ್ಥಧಾರಿ ಎದುರಾಳಿಯ ಹತ್ತು ನಿಮಿಷದ ಮಾತನ್ನು ಕಾಗದವಿಲ್ಲದೆ ಕೇಳಿಸಿಕೊಂಡು, ಅದರ ಒಂದೊಂದು ಎಳೆಯನ್ನೂ ಹಿಡಿದು ಉತ್ತರ ಕೊಡುತ್ತಾನೆ. ಅವನು ಪದಗಳನ್ನು ನೆನಪಿಡುವುದಿಲ್ಲ, ವಾದದ ಕೊಂಡಿಗಳನ್ನು ನೆನಪಿಡುತ್ತಾನೆ. ದುಭಾಷಿಗೆ ಬೇಕಾದದ್ದು ಇದೇ ವಿದ್ಯೆ. ಮಳೆಗಾಲದಲ್ಲಿ ಒಂದು ಕೂಟಕ್ಕೆ ಹೋಗಿ, ಒಬ್ಬರ ಅರ್ಥವನ್ನು ಕೇಳಿ, ಹೊರಗೆ ಬಂದು ಚಹಾದ ಹೊತ್ತಿಗೆ ಅದನ್ನು ಇಂಗ್ಲಿಷಿನಲ್ಲಿ ಗೆಳೆಯನಿಗೆ ಹೇಳಿ ನೋಡಿ.

ನೋಟು ಮಾಡುವ ಕ್ರಮವೇ ಬೇರೆ. ಜಾನ್ ಫ್ರಾಂಸ್ವಾ ರೋಜಾನ್ ಎಂಬ ದುಭಾಷಿ 1956ರಲ್ಲಿ ಕ್ರೋಡೀಕರಿಸಿದ ನಿಯಮಗಳನ್ನೇ ಇವತ್ತಿಗೂ ಪಾಠ ಮಾಡುತ್ತಾರೆ. ಪದ ಬರೆಯಬೇಡಿ, ಆಶಯ ಬರೆಯಿರಿ. ಅಡ್ಡಕ್ಕೆ ಬರೆಯಬೇಡಿ, ಮೇಲಿಂದ ಕೆಳಗೆ ಮೆಟ್ಟಿಲಿನ ಹಾಗೆ ಇಳಿಸಿ. 'ಆದರೆ', 'ಹಾಗಾಗಿ' ಬಂದಲ್ಲಿ ಬಿಡಲೇಬೇಡಿ. ಪುತ್ತೂರಿನ ಕೃಷಿಕರೊಬ್ಬರು ಸಭೆಯಲ್ಲಿ ಹೀಗೆ ಹೇಳುತ್ತಾರೆ ಎಂದಿಟ್ಟುಕೊಳ್ಳಿ: "ಹೋದ ವರ್ಷ ಅಡಿಕೆಗೆ ರೇಟಿತ್ತು, ಆದರೆ ಕೊಳೆರೋಗ ಬಂದು ಅರ್ಧ ಬೆಳೆ ಹೋಯ್ತು. ಈ ಸಲ ಮದ್ದು ಹೊಡೆದು ಬೆಳೆ ಉಳಿಸಿಕೊಂಡೆವು, ಈಗ ರೇಟಿಲ್ಲ." ನನ್ನ ಪ್ಯಾಡಿನಲ್ಲಿ ಇಷ್ಟೇ ಇರುತ್ತದೆ. ಮೇಲೆ 'ಹೋ.ವ', ಅದರ ಕೆಳಗೆ 'ರೇ' ಪಕ್ಕ ಮೇಲ್ಮುಖ ಬಾಣ. ಎಡ ಅಂಚಿಗೆ ದಪ್ಪಗೆ 'ಆ', ಎಂದರೆ ಆದರೆ. ಪಕ್ಕ 'ಕೊಳೆ', ಅಲ್ಲಿಂದ ಬಾಣ, '½ ಬೆ' ಮೇಲೆ ಅಡ್ಡಗೆರೆ. ಒಂದು ಉದ್ದ ಗೆರೆ ಎಳೆದು 'ಈ', ಕೆಳಗೆ 'ಮದ್ದು', ಬಾಣ, 'ಬೆ' ಪಕ್ಕ ಸರಿ ಗುರುತು. ಕೊನೆಗೆ 'ರೇ' ಪಕ್ಕ ಕೆಳಮುಖ ಬಾಣ. ಅಷ್ಟು ಸಾಕು. ಆದರೆ ಈ ನೋಟು ಅರ್ಧ ಗಂಟೆ ಬಿಟ್ಟು ನೋಡಿದರೆ ನನಗೇ ಅರ್ಥವಾಗದು. ಅದು ಶಾರ್ಟ್‌ಹ್ಯಾಂಡ್ ಅಲ್ಲ, ನೆನಪಿಗೆ ಕೊಟ್ಟ ಊರುಗೋಲು.

ಅಂಕಿಗಳನ್ನು ಮಾತ್ರ ಪೂರ್ತಿ ಬರೆಯಿರಿ. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ ಎಂದು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಒಂದು ಸಭೆಯಲ್ಲಿ ಅತಿಥಿ ಒಂದೂವರೆ ಮಿಲಿಯನ್ ಎಂದದ್ದನ್ನು ನಾನು ಒಂದೂವರೆ ಲಕ್ಷ ಎಂದುಬಿಟ್ಟೆ. ದೇಣಿಗೆಯ ಮೊತ್ತ ಅದು. ಸಭೆ ಸುಮ್ಮನೆ ಚಪ್ಪಾಳೆ ತಟ್ಟಿತು, ವೇದಿಕೆಯ ಮೇಲಿದ್ದ ಖಜಾಂಚಿಯ ಮುಖ ಮಾತ್ರ ಬಾಡಿತು. ತಿದ್ದಿ ಹೇಳಿದೆ. ಎರಡನೇ ಚಪ್ಪಾಳೆ ಜೋರಾಗಿತ್ತು, ನನ್ನ ಕಿವಿ ಬಿಸಿಯಾಗಿತ್ತು.

ಪುಸ್ತಕ ಮತ್ತು ಕಂಪ್ಯೂಟರು

ನಿಘಂಟಿನ ವಿಷಯದಲ್ಲಿ ನಾವು ಅದೃಷ್ಟವಂತರು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮ್ಯಾನರರ ತುಳು ನಿಘಂಟು 1886ರಲ್ಲಿ, ಮಾಫೇ ಅವರ ಕೊಂಕಣಿ ನಿಘಂಟು 1883ರಲ್ಲಿ, ಎರಡೂ ಇದೇ ಊರಿನಲ್ಲಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟನ್ನು 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ತಂದಿತು, ಅರ್ಥ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಒಮ್ಮೆ ಹೋಗಿ ಒಂದು ಸಂಪುಟವನ್ನು ಬಿಡಿಸಿ, ಒಂದೇ ಪದಕ್ಕೆ ಊರಿಂದೂರಿಗೆ ಎಷ್ಟು ರೂಪ ಎಂದು ನೋಡಿ. ಮೊಬೈಲಿನಲ್ಲಿ ದಿನನಿತ್ಯಕ್ಕೆ 'ಅಲರ್' ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಸಾಕು. ಅದೇ ಸಂಸ್ಥಾನದಲ್ಲಿ 2008ರಿಂದ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಅವರ ಕಮ್ಮಟಗಳ ಪ್ರಕಟಣೆ ಬಂದರೆ ಬಿಡಬೇಡಿ. ಅನುವಾದಗಳನ್ನು ಪ್ರಕಟಿಸುವ ಬೆಂಗಳೂರಿನ ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಕಡೆಗೂ ಗಮನ ಇರಲಿ.

ಕಂಪ್ಯೂಟರಿನಲ್ಲಿ ಮೊದಲು ಯೂನಿಕೋಡ್ ಟೈಪಿಂಗ್ ಕಲಿಯಿರಿ. ಹಳೆಯ ನುಡಿ ಫಾಂಟಿನ ಕಡತಗಳು ಇನ್ನೂ ಬರುತ್ತವೆ. ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲಿ ಹಾರಿಹೋಗುತ್ತವೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಆಮೇಲೆ 'ಅನುವಾದ ಸ್ಮೃತಿ' ಇರುವ ಒಂದು ತಂತ್ರಾಂಶ. ನೀವು ಹಿಂದೆ ಮಾಡಿದ ವಾಕ್ಯಗಳನ್ನು ಅದು ನೆನಪಿಟ್ಟುಕೊಂಡು, ಅಂಥದ್ದೇ ವಾಕ್ಯ ಮತ್ತೆ ಬಂದಾಗ ಎದುರಿಗಿಡುತ್ತದೆ. ಒಮೆಗಾಟಿ ಎಂಬುದು ಉಚಿತ, ಕಲಿಯಲು ಅದೇ ಸಾಕು.

ಯಂತ್ರಾನುವಾದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗೂಗಲ್ 2022ರಲ್ಲಿ ಕೊಂಕಣಿಯನ್ನೂ 2024ರಲ್ಲಿ ತುಳುವನ್ನೂ ಸೇರಿಸಿತು. ಯಂತ್ರ ಮಾಡಿದ್ದನ್ನು ತಿದ್ದುವುದೇ ಈಗ ಒಂದು ಕೆಲಸವಾಗಿದೆ, ಬೇಡವೆಂದರೆ ಹೊಟ್ಟೆ ತುಂಬದು. ಆದರೆ ಕಲಿಯುವ ಕಾಲದಲ್ಲಿ ಮೊದಲ ಕರಡು ನಿಮ್ಮದೇ ಇರಲಿ, ಆಮೇಲೆ ಯಂತ್ರದ್ದನ್ನು ಪಕ್ಕದಲ್ಲಿಟ್ಟು ನೋಡಿ. ಯಂತ್ರದ ವಾಕ್ಯವನ್ನು ಮೊದಲು ಓದಿದರೆ ಅದರ ಜಾಡು ಬಿಟ್ಟು ಮನಸ್ಸು ಹೊರಗೆ ಬರುವುದಿಲ್ಲ. ಕಕ್ಷಿದಾರರ ಗುಟ್ಟಿನ ಕಾಗದಗಳನ್ನು ಯಾವ ಉಚಿತ ತಾಣದಲ್ಲೂ ಹಾಕಬೇಡಿ.

ಆಸ್ಪತ್ರೆ, ಕೋರ್ಟು

ಓದುತ್ತಿರುವಾಗಲೇ ಅನುಭವ ಬೇಕಲ್ಲ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಮಲಯಾಳಂ ಮಾತಾಡುವವರು ಬರುತ್ತಾರೆ, ಘಟ್ಟದ ಮೇಲಿನವರು ಬರುತ್ತಾರೆ. ಡಾಕ್ಟರು ಹೊರ ರಾಜ್ಯದವರಾದರೆ ನಡುವೆ ನಿಲ್ಲುವುದು ನರ್ಸೋ ಅಟೆಂಡರೋ. ವಾರಕ್ಕೆರಡು ದಿನ ಸ್ವಯಂಸೇವೆಗೆ ಅವಕಾಶ ಕೊಡುತ್ತೀರಾ ಎಂದು ಲಿಖಿತವಾಗಿ ಕೇಳಿ ನೋಡಿ.

ಅಲ್ಲಿ ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ವಯಸ್ಸಾದ ಹೆಂಗಸು ತುಳುವಿನಲ್ಲಿ "ಉಷ್ಣ ಆತ್ಂಡ್" (ಉಷ್ಣ ಆಗಿದೆ) ಎಂದರು. ಪಕ್ಕದಲ್ಲಿದ್ದ ಹುಡುಗ ಕೂಡಲೇ ಡಾಕ್ಟರಿಗೆ "ಫೀವರ್" ಎಂದ. ಡಾಕ್ಟರು ಥರ್ಮಾಮೀಟರ್ ಇಟ್ಟರು, ಜ್ವರ ಇಲ್ಲ. ನಮ್ಮ 'ಉಷ್ಣ' ಬಾಯಿಹುಣ್ಣೂ ಆಗಬಹುದು, ಉರಿಮೂತ್ರವೂ ಆಗಬಹುದು, ಕಣ್ಣುರಿಯೂ ಆಗಬಹುದು. ಅಜ್ಜಿಗೆ ಆದದ್ದು ಉರಿಮೂತ್ರ. ಹುಡುಗನ ಎದುರು ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಇಂಥ ಕಡೆ ದುಭಾಷಿ ಊಹಿಸಬಾರದು. "ಇವರು ಉಷ್ಣ ಎನ್ನುತ್ತಿದ್ದಾರೆ, ಅದಕ್ಕೆ ಹಲವು ಅರ್ಥ ಇದೆ, ಎಲ್ಲಿ ಎಂದು ಕೇಳಲೇ?" ಎಂದು ಡಾಕ್ಟರನ್ನೇ ಕೇಳಬೇಕು.

ಕೋರ್ಟಿನಲ್ಲಿ ನಿಯಮ ಇನ್ನೂ ಬಿಗಿ. 1969ರ ಪ್ರಮಾಣ ವಚನ ಕಾಯಿದೆಯ ಪ್ರಕಾರ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡಬೇಕು. ಸಾಕ್ಷಿ "ನಾನು ನೋಡಿದೆ" ಎಂದರೆ ನೀವೂ "ನಾನು ನೋಡಿದೆ" ಎನ್ನಬೇಕು, "ಅವರು ನೋಡಿದರಂತೆ" ಎನ್ನಬಾರದು. ಬೈಗುಳ ಬಂದರೆ ಬೈಗುಳವನ್ನೇ ಹೇಳಬೇಕು. ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇಲ್ಲೇ, ಹಿರಿಯರ ಎದುರು ಹೇಗೆ ಹೇಳುವುದು ಎಂದು ಮೆತ್ತಗೆ ಮಾಡುತ್ತಾರೆ. ಮೆತ್ತಗೆ ಮಾಡಿದರೆ ಸಾಕ್ಷ್ಯವೇ ಬದಲಾಯಿತು. ಕಲಾಪ ನೋಡಲು ಯಾರ ಶಿಫಾರಸೂ ಬೇಡ, ತೆರೆದ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಒಂದು ದಿನ ಸುಮ್ಮನೆ ಕೇಳಿ.

ದುಡ್ಡಿನ ಮಾತು

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡಿನ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೆ ಸರಿ ಅರ್ಧ. ಆ ಪ್ರಶಸ್ತಿಯ ನಿಯಮವೇ ಹಾಗೆ. ಅದನ್ನು ನೋಡಿ ಈ ಕಡೆ ಬಂದವರು ತುಸು ನಿಧಾನಿಸಿ. ಸಾಹಿತ್ಯದ ಅನುವಾದ ಸಂತೋಷಕ್ಕೆ, ಹೆಸರಿಗೆ. ಮನೆ ನಡೆಯುವುದು ಬಹುಪಾಲು ಬ್ಯಾಂಕಿನ ಸುತ್ತೋಲೆ, ಆ್ಯಪಿನ ಸಂದೇಶ, ಔಷಧದ ಚೀಟಿ, ಜಾಹೀರಾತು, ಕಾಗದಪತ್ರಗಳಿಂದ.

ಈ ಕೆಲಸಕ್ಕೆ ಪದದ ಲೆಕ್ಕದಲ್ಲಿ ಕೂಲಿ. ಹೊಸಬರು ಇಲ್ಲೇ ಮೋಸ ಹೋಗುವುದು, ಕೆಲವೊಮ್ಮೆ ಕೆಲಸ ಕೊಟ್ಟವರಿಗೂ ಅದು ಮೋಸ ಎಂದು ಗೊತ್ತಿರುವುದಿಲ್ಲ. 'ಇನ್ ದ ಹೌಸ್' ಇಂಗ್ಲಿಷಿನಲ್ಲಿ ಮೂರು ಪದ, 'ಮನೆಯಲ್ಲಿ' ಕನ್ನಡದಲ್ಲಿ ಒಂದು. ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲ ಅಂಟಿಕೊಂಡು ಬರುವ ಭಾಷೆ ನಮ್ಮದು. ಹಾಗಾಗಿ ಸಾವಿರ ಪದದ ಇಂಗ್ಲಿಷ್ ಕಡತ ಕನ್ನಡಕ್ಕೆ ಬಂದಾಗ ಪದಗಳ ಎಣಿಕೆ ಗಣನೀಯವಾಗಿ ಇಳಿಯುತ್ತದೆ. ಅನುವಾದದ ಪದ ಎಣಿಸಿ ದುಡ್ಡು ಕೊಟ್ಟರೆ, ನೀವು ಕನ್ನಡವನ್ನು ಚೊಕ್ಕ ಮಾಡಿದಷ್ಟೂ ನಿಮ್ಮ ಕೂಲಿ ಕಡಿಮೆ. ಒಪ್ಪಂದದ ಕಾಗದದಲ್ಲಿ 'ಮೂಲ ಕಡತದ ಪದಗಳ ಲೆಕ್ಕದಲ್ಲಿ' ಎಂಬ ಸಾಲು ಇರಲಿ. ತಿದ್ದುಪಡಿ ಎಷ್ಟು ಸಲ, ದುಡ್ಡು ಎಷ್ಟು ದಿನದಲ್ಲಿ, ಪುಸ್ತಕವಾದರೆ ನಿಮ್ಮ ಹೆಸರು ಎಲ್ಲಿ ಎಂಬುದನ್ನೂ ಅದರ ಕೆಳಗೇ ಬರೆಸಿಕೊಳ್ಳಿ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೆಲಸ ಬಂದರೆ ಆ ಸಾಲನ್ನು ತಿರುಗಿಸಿ 'ಅನುವಾದದ ಪದಗಳ ಲೆಕ್ಕದಲ್ಲಿ' ಎಂದು ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ, ಒಪ್ಪಿದವರ ಕೆಲಸವನ್ನು ಮೊದಲು ಮುಗಿಸಿ ಕೊಡಿ.